ಬೆಲ್ಟು, ಅಂಕ, ಮುದ್ರೆ: ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಓದುವುದು ಹೇಗೆ?

ತುರುವೇಕೆರೆ ಕಡೆಯ ತೆಂಗಿನ ಬೆಳೆಗಾರರೊಬ್ಬರು ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಕಳೆದ ಸಲ ಮಗನನ್ನೂ ಕರೆತಂದಿದ್ದರು. ಹುಡುಗ ಡಿ.ಎಂ.ಎಲ್.ಟಿ. ಮುಗಿಸಿ ಎರಡು ವರ್ಷದಿಂದ ಒಂದು ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾನೆ. ಅಂದು ಯಜಮಾನರ ಒತ್ತಡ ಎಂದಿಗಿಂತ ಹೆಚ್ಚಿತ್ತು. ಕಾರಣ ಕೇಳಿದೆ.

"ನೋಡಿ ಡಾಕ್ಟ್ರೇ, ಇವನು ಯಾವುದೋ ಹಸಿರು ಬೆಲ್ಟು ತಗೋಬೇಕಂತೆ. ಮೂವತ್ತು ಸಾವಿರವಂತೆ. ಸೊಂಟಕ್ಕೆ ಕಟ್ಟೋ ಬೆಲ್ಟಿಗೆ ಮೂವತ್ತು ಸಾವಿರವಾ? ಅಟ್ಟದ ಮೇಲಿರೋ ಕಾಯಿ ಇನ್ನೂ ಒಣಗಿಲ್ಲ. ಈಗಲೇ ಇಳಿಸಿ ಮಾರಿಬಿಡಿ ಅಂತ ಕೂತಿದ್ದಾನೆ" ಎಂದರು.

ಹುಡುಗ ತಲೆ ತಗ್ಗಿಸಿ, "ಅದು ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ ಸಾರ್. ಗುಣಮಟ್ಟದ ಕೋರ್ಸು. ಅದಿದ್ದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕ್ವಾಲಿಟಿ ವಿಭಾಗಕ್ಕೆ ತಗೋತಾರಂತೆ" ಎಂದ.

ತಂದೆಗೆ ಬೆಲ್ಟು ಎಂದರೇನೆಂದು ತಿಳಿಯದು. ಮಗನಿಗೆ ತಿಳಿದದ್ದು ಅರ್ಧ. ಆದರೆ ಈ ಗೊಂದಲ ಅವರಿಬ್ಬರದು ಮಾತ್ರವಲ್ಲ. ಇಂದು ಯಾವ ಆಸ್ಪತ್ರೆ, ಯಾವ ಪ್ರಯೋಗಾಲಯದ ಮೆಟ್ಟಿಲು ಹತ್ತಿದರೂ ಗೋಡೆಯ ಮೇಲೆ ಚೌಕಟ್ಟು ಹಾಕಿದ ನಾಲ್ಕಾರು ಪ್ರಮಾಣಪತ್ರಗಳು ಕಾಣುತ್ತವೆ. ಎನ್.ಎ.ಬಿ.ಎಚ್., ಎನ್.ಎ.ಬಿ.ಎಲ್., ಐ.ಎಸ್.ಒ., ಕಾಯಕಲ್ಪ, ಎನ್.ಕ್ಯು.ಎ.ಎಸ್. ಇವು ಯಾರಿಗೆ ಕೊಟ್ಟವು? ಯಾರು ಕೊಟ್ಟರು? ಯಾವುದಕ್ಕೆ ಕೊಟ್ಟರು? ರೋಗಿಯಾಗಿ ನಿಮಗೆ ಇದರಿಂದ ಏನು ಸಿಗುತ್ತದೆ? ಈ ವಾರ ಅದನ್ನೇ ನೋಡೋಣ.

ಅಟ್ಟ ಕಲಿಸುವ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಗುಣಮಟ್ಟದ ಪಾಠವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಗುಡುಗುಡು ಎನ್ನುವ ತನಕ ಅದನ್ನು ಇಳಿಸುವುದಿಲ್ಲ. ಎಳೆಯ ಕಾಯಿ ಏರಿಸಿದರೂ ತೊಂದರೆ, ಮಳೆನೀರು ಸೋರಿದರೂ ತೊಂದರೆ, ಸುಲಿಯುವಾಗ ಒಡೆದರೂ ತೊಂದರೆ. ಮಾರುಕಟ್ಟೆಯಲ್ಲಿ ವರ್ತಕ ಕೊಬ್ಬರಿ ಕೈಗೆತ್ತಿಕೊಂಡು ನೋಡುವುದು ಕೊನೆಯ ಹಂತ. ಆತ ಬೂಷ್ಟು ಹಿಡಿದದ್ದನ್ನು ಬೇರೆ ಮಾಡಬಲ್ಲನೇ ಹೊರತು ಅದನ್ನು ಒಳ್ಳೆಯದು ಮಾಡಲಾರ. ಅಟ್ಟದಲ್ಲಿ ಕೆಟ್ಟದ್ದನ್ನು ಮಾರುಕಟ್ಟೆಯಲ್ಲಿ ಸರಿಪಡಿಸಲು ಬರುವುದಿಲ್ಲ.

ಆಸ್ಪತ್ರೆಯ ಗುಣಮಟ್ಟವೂ ಹೀಗೆಯೇ. ನಿಮ್ಮ ಕೈಗೆ ಬರುವ ರಕ್ತಪರೀಕ್ಷೆಯ ವರದಿ ಕೊನೆಯ ಹಂತ. ಅದಕ್ಕೂ ಮುಂಚೆ ಚೀಟಿ ಬರೆಯುವುದು, ರಕ್ತ ತೆಗೆಯುವುದು, ಕೊಳವೆಗೆ ಹೆಸರು ಅಂಟಿಸುವುದು, ಸಾಗಿಸುವುದು, ಯಂತ್ರಕ್ಕೆ ಕೊಡುವುದು, ಅಂಕಿ ಬರೆಯುವುದು ಎಂಬ ಹಲವು ಹಂತಗಳಿವೆ. ಈ ಹಂತಗಳಲ್ಲಿ ಎಲ್ಲಿ ತಪ್ಪು ನುಸುಳುತ್ತದೆ ಎಂದು ಹುಡುಕಿ, ಅಳೆದು, ಮತ್ತೆ ನುಸುಳದಂತೆ ಕೆಲಸದ ಕ್ರಮವನ್ನೇ ತಿದ್ದುವುದಕ್ಕೆ ಕಾರ್ಯವಿಧಾನದ ಸುಧಾರಣೆ ಎನ್ನುತ್ತಾರೆ. ಹಾಗೆ ತಿದ್ದಿದ್ದು ದಿನವೂ ನಡೆಯುವಂತೆ ನೋಡಿಕೊಳ್ಳುವುದೇ ಗುಣಮಟ್ಟ ನಿರ್ವಹಣೆ.

ಒಂದೇ ಹೆಸರಿನ ಇಬ್ಬರು ಅಜ್ಜಿಯರು

ಇದರ ಬೆಲೆ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನ ಚಿಕಿತ್ಸಾಲಯದಲ್ಲೇ ಆದ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದೇ ಬೆಳಿಗ್ಗೆ ಇಬ್ಬರು ಅಜ್ಜಿಯರು ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಇಬ್ಬರದೂ ಒಂದೇ ಹೆಸರು, ಒಂದೇ ಊರು, ಇಬ್ಬರಿಗೂ ಸಕ್ಕರೆ ಕಾಯಿಲೆ. ಸಹಾಯಕಿ ಇಬ್ಬರ ರಕ್ತವನ್ನೂ ತೆಗೆದು, ಕೊಳವೆಗಳನ್ನು ಮೇಜಿನ ಮೇಲಿಟ್ಟು, ಆಮೇಲೆ ಹೆಸರು ಬರೆದಳು. ವರದಿಗಳು ಅದಲುಬದಲಾದವು. ಸಕ್ಕರೆ ಹತೋಟಿಯಲ್ಲಿದ್ದ ಅಜ್ಜಿಗೆ ನಾನು ಮಾತ್ರೆಯ ಪ್ರಮಾಣ ಹೆಚ್ಚಿಸಿದೆ.

ಮೂರನೆಯ ದಿನ ಬೆಳಗಿನ ಜಾವ ಆಕೆಯನ್ನು ಹೊತ್ತು ತಂದರು. ಮೈಯೆಲ್ಲ ಬೆವರು, ಮಾತು ತೊದಲು, ಕರೆದರೆ ಎಚ್ಚರವಿಲ್ಲ. ರಕ್ತದ ಸಕ್ಕರೆ 38 ಮಿಲಿಗ್ರಾಂಗೆ ಇಳಿದಿತ್ತು. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟು, "ನನಗೇನಾಗಿತ್ತಪ್ಪಾ?" ಎಂದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆಸಿಕೊಳ್ಳಲು ಇಷ್ಟವಿಲ್ಲ. (ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇಲ್ಲೊಂದು ಮಾತು ನೆನಪಿಡಬೇಕು. ಇದ್ದಕ್ಕಿದ್ದಂತೆ ಬೆವರು, ನಡುಕ, ಎದೆ ಬಡಿತ, ತಲೆ ಮಂಕು ಕಂಡರೆ, ಎಚ್ಚರವಿರುವಾಗಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.)

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆ ಹುಡುಗಿಯನ್ನು ಬೈದೆ. ರಾತ್ರಿ ಕೂತು ಯೋಚಿಸಿದಾಗ, ಇವಳ ಬದಲು ಬೇರೆ ಯಾರಿದ್ದರೂ ಆ ಮೇಜಿನ ಮೇಲೆ ಅದೇ ತಪ್ಪು ಆಗುತ್ತಿತ್ತು ಎಂದು ಹೊಳೆಯಿತು. ತಪ್ಪಿಗೆ ದಾರಿ ಮಾಡಿಕೊಟ್ಟದ್ದು ನಾನು ಇಟ್ಟಿದ್ದ ಕ್ರಮ. ಮರುದಿನದಿಂದ ಮೂರು ಬದಲಾವಣೆ ಮಾಡಿದೆವು. ರೋಗಿ ಕುರ್ಚಿಯಿಂದ ಏಳುವ ಮೊದಲೇ ಅವರ ಕಣ್ಣೆದುರು ಕೊಳವೆಗೆ ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಹೆಸರಿನ ಜೊತೆ ವಯಸ್ಸು ಮತ್ತು ಫೋನಿನ ಕೊನೆಯ ನಾಲ್ಕು ಅಂಕಿ ಇರಬೇಕು. "ನೀವು ಇಂಥವರೇ ಅಲ್ಲವೇ?" ಎಂದು ಕೇಳಬಾರದು; ಕಿವಿ ಮಂದವಾದ ಹಿರಿಯರು ಎಲ್ಲಕ್ಕೂ "ಹ್ಞೂಂ" ಎಂದು ತಲೆಯಾಡಿಸುತ್ತಾರೆ. "ನಿಮ್ಮ ಹೆಸರು ಹೇಳಿ ಅಜ್ಜಿ" ಎಂದು ಅವರ ಬಾಯಿಂದಲೇ ಹೇಳಿಸಬೇಕು.

ಜೊತೆಗೆ ಒಂದು ನೋಟುಪುಸ್ತಕ ಇಟ್ಟೆವು. ಚೀಟಿಯಲ್ಲಿ ಯಾವ ತಪ್ಪು ಕಂಡರೂ, ಬೈಗುಳದ ಭಯವಿಲ್ಲದೆ, ಅದರಲ್ಲಿ ಬರೆಯಬೇಕು. ಮೊದಲ ತಿಂಗಳು ಅರ್ಧ ಪುಟ ತುಂಬಿತು. ಮೂರನೆಯ ತಿಂಗಳು ಎರಡೇ ಸಾಲು. ಇದಕ್ಕೆ ನಾನು ಖರ್ಚು ಮಾಡಿದ್ದು ಒಂದು ನೋಟುಪುಸ್ತಕದ ಬೆಲೆ. ಹುಡುಗ ಮೂವತ್ತು ಸಾವಿರ ಕೊಟ್ಟು ಕಲಿಯಲು ಹೊರಟಿದ್ದ ವಿದ್ಯೆಯ ತಿರುಳು ಇಷ್ಟೇ. ಹಾಗೆಂದು ಆ ವಿದ್ಯೆ ಬೇಡವೆಂದಲ್ಲ. ಕ್ರಮವಾಗಿ ಕಲಿತಿದ್ದರೆ ಅಜ್ಜಿ ಬೀಳುವ ಮೊದಲೇ ನನಗೆ ಇದು ತಿಳಿದಿರುತ್ತಿತ್ತು.

ಪ್ರಮಾಣಪತ್ರಗಳು ಮೂರು ಬಗೆ

ಗೋಡೆಯ ಮೇಲಿನ ಚೌಕಟ್ಟುಗಳನ್ನು ಮೊದಲು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು, ಕೆಲಸ ಮಾಡಲು ಕಾನೂನು ಕೊಡುವ ಅನುಮತಿ. ವೈದ್ಯನಿಗೆ ಪದವಿಯ ಜೊತೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು. ಖಾಸಗಿ ಚಿಕಿತ್ಸಾಲಯ, ಆಸ್ಪತ್ರೆ, ಪ್ರಯೋಗಾಲಯಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಬೇಕು. ಜನರು ಕೆ.ಪಿ.ಎಂ.ಇ. ಎನ್ನುವುದು ಇದನ್ನೇ. ಇದು ಇಲ್ಲದಿದ್ದರೆ ಆ ಮೆಟ್ಟಿಲು ಹತ್ತಲೇಬೇಡಿ. ಆದರೆ ಇದು ಇದೆಯೆಂದ ಮಾತ್ರಕ್ಕೆ ಗುಣಮಟ್ಟಕ್ಕೆ ಬಹುಮಾನ ಬಂದಿದೆ ಎಂದೂ ತಿಳಿಯಬೇಡಿ. ವಾಹನ ಓಡಿಸಲು ಲೈಸೆನ್ಸ್ ಇದ್ದಂತೆ ಇದು.

ಎರಡನೆಯದು, ವ್ಯಕ್ತಿ ಪಡೆದ ತರಬೇತಿಯ ಪತ್ರ. ಬೆಲ್ಟುಗಳು ಈ ಗುಂಪಿಗೆ ಸೇರುತ್ತವೆ. ಅದು ಆ ವ್ಯಕ್ತಿಯ ಜೊತೆಯೇ ಹೋಗುತ್ತದೆ. ಆತ ಕೆಲಸ ಬಿಟ್ಟರೆ ಆಸ್ಪತ್ರೆಗೆ ಉಳಿಯುವುದು ಬರೀ ಮೊಳೆ.

ಮೂರನೆಯದು, ಸಂಸ್ಥೆಯ ಕೆಲಸದ ಕ್ರಮವನ್ನು ಹೊರಗಿನವರು ಬಂದು ಪರೀಕ್ಷಿಸಿ ಕೊಡುವ ಪತ್ರ. ಎನ್.ಕ್ಯು.ಎ.ಎಸ್., ಎನ್.ಎ.ಬಿ.ಎಚ್., ಎನ್.ಎ.ಬಿ.ಎಲ್. ಇವು ಈ ಗುಂಪಿನವು. ರೋಗಿಯ ದೃಷ್ಟಿಯಿಂದ ಹೆಚ್ಚು ತೂಕ ಇದಕ್ಕೇ.

ಬಿಳಿಯಿಂದ ಕಪ್ಪಿನವರೆಗೆ

ಮೊದಲು ಹುಡುಗನ ಬೆಲ್ಟಿನ ಕಥೆ. ಅಮೆರಿಕದ ಮೋಟೊರೋಲಾ ಕಂಪನಿಯಲ್ಲಿ 1986ರ ಸುಮಾರಿಗೆ ಬಿಲ್ ಸ್ಮಿತ್ ಎಂಬ ಎಂಜಿನಿಯರ್ ಸಿಕ್ಸ್ ಸಿಗ್ಮಾ ಎಂಬ ವಿಧಾನವನ್ನು ರೂಪಿಸಿದರು. ತಪ್ಪು ನಡೆಯಬಹುದಾದ ಹತ್ತು ಲಕ್ಷ ಸಂದರ್ಭಗಳಲ್ಲಿ ನಿಜವಾಗಿ ನಡೆಯುವ ತಪ್ಪು 3.4ಕ್ಕಿಂತ ಹೆಚ್ಚಾಗಬಾರದು ಎಂಬುದು ಅದರ ಗುರಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಲಕ್ಷ ಕೊಬ್ಬರಿಯಲ್ಲಿ ಕೆಟ್ಟದ್ದು ಮೂರೋ ನಾಲ್ಕೋ. 1995ರ ನಂತರ ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಕೈಗೆತ್ತಿಕೊಂಡ ಮೇಲೆ ಲೋಕವೆಲ್ಲ ಹಬ್ಬಿತು.

ಜೂಡೋ, ಕರಾಟೆಯಲ್ಲಿ ಕಲಿತಷ್ಟೂ ಬೆಲ್ಟಿನ ಬಣ್ಣ ಬದಲಾಗುವಂತೆ ಇಲ್ಲಿಯೂ ಹಂತಗಳಿವೆ. ಬಿಳಿ ಬೆಲ್ಟು ಎಂದರೆ ವಿಷಯದ ಪರಿಚಯ, ಕೆಲವು ಗಂಟೆಗಳ ಮಾತು. ಹಳದಿ ಬೆಲ್ಟಿನವರು ಬೇರೆಯವರು ನಡೆಸುವ ಸುಧಾರಣೆಯ ಕೆಲಸದಲ್ಲಿ ಕೈ ಜೋಡಿಸಬಲ್ಲರು. ಹಸಿರು ಬೆಲ್ಟಿನವರು ತಮ್ಮ ವಿಭಾಗದ ಒಂದು ಸಮಸ್ಯೆಯನ್ನು, ತಮ್ಮ ದಿನನಿತ್ಯದ ಕೆಲಸದ ಜೊತೆಗೇ, ತಾವೇ ಮುಂದೆ ನಿಂತು ಬಗೆಹರಿಸಬಲ್ಲರು. ಕಪ್ಪು ಬೆಲ್ಟಿನವರಿಗೆ ಅದೇ ಪೂರ್ಣ ಕೆಲಸ. ಅಂಕಿಅಂಶ ಶಾಸ್ತ್ರ ಚೆನ್ನಾಗಿ ತಿಳಿದಿರಬೇಕು. ಇವರಿಗೆಲ್ಲ ಕಲಿಸಿ ಕೊಡುವವರು ಮಾಸ್ಟರ್ ಕಪ್ಪು ಬೆಲ್ಟಿನವರು. ಎಲ್ಲರೂ ಅನುಸರಿಸುವ ದಾರಿ ಒಂದೇ: ಸಮಸ್ಯೆ ಏನೆಂದು ನಿಖರವಾಗಿ ಹೇಳು, ಅಳೆ, ಕಾರಣ ಹುಡುಕು, ತಿದ್ದು, ತಿದ್ದಿದ್ದು ಮತ್ತೆ ಜಾರದಂತೆ ಹಿಡಿದಿಡು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಂ.ಬಿ.ಬಿ.ಎಸ್. ಎಂದರೆ ದೇಶಕ್ಕೆಲ್ಲ ಒಂದೇ ಅರ್ಥ. ಅದರ ಹಿಂದೆ ಕಾನೂನಿದೆ. ಬೆಲ್ಟಿಗೆ ಹಾಗೆ ಒಬ್ಬನೇ ಒಡೆಯನಿಲ್ಲ. ಲೋಕಕ್ಕೆಲ್ಲ ಒಂದೇ ಪ್ರಾಧಿಕಾರವಿಲ್ಲ. ಎರಡು ದಿನ ವಿಡಿಯೋ ತೋರಿಸಿ ಹಸಿರು ಬೆಲ್ಟು ಕೊಡುವವರೂ ಇದ್ದಾರೆ, ತಿಂಗಳುಗಟ್ಟಲೆ ಕಲಿಸಿ, ನಿಜವಾದ ಕೆಲಸ ಮಾಡಿಸಿ, ಪರೀಕ್ಷೆ ನಡೆಸಿ ಕೊಡುವವರೂ ಇದ್ದಾರೆ. ಅಮೆರಿಕದ ಎ.ಎಸ್.ಕ್ಯು. ಎಂಬ ಹಳೆಯ ಗುಣಮಟ್ಟ ಸಂಸ್ಥೆ ಹಸಿರು ಬೆಲ್ಟಿನ ಪರೀಕ್ಷೆಗೆ ಕೂರಲು ಮೂರು ವರ್ಷದ ಕೆಲಸದ ಅನುಭವ ಕೇಳುತ್ತದೆ. ಕಪ್ಪು ಬೆಲ್ಟಿಗೆ, ಮುಗಿಸಿದ ಸುಧಾರಣಾ ಕೆಲಸದ ಬಗ್ಗೆ ಸಹಿ ಮಾಡಿದ ಪ್ರಮಾಣವನ್ನೇ ಕೇಳುತ್ತದೆ. ಬಣ್ಣ ಒಂದೇ ಆದರೂ ತೂಕ ಒಂದೇ ಅಲ್ಲ.

ಸರ್ಕಾರಿ ಆಸ್ಪತ್ರೆಯ ಏಣಿ

ಸರ್ಕಾರಿ ಆಸ್ಪತ್ರೆಗಳಿಗೆ ಇರುವ ವ್ಯವಸ್ಥೆ ಜನರಿಗೆ ಹೆಚ್ಚು ತಿಳಿದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳನ್ನು ಹೊರತಂದಿತು. ಎನ್.ಕ್ಯು.ಎ.ಎಸ್. ಎನ್ನುವುದು ಇದನ್ನೇ. ಮೊದಲು ಜಿಲ್ಲಾ ಆಸ್ಪತ್ರೆಗೆಂದು ಬಂದದ್ದು ಈಗ ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಳ್ಳಿಯ ಉಪಕೇಂದ್ರದವರೆಗೂ ಇಳಿದಿದೆ.

ಇದರಲ್ಲಿ ಎಂಟು ವಿಷಯಗಳನ್ನು ನೋಡುತ್ತಾರೆ: ಕೊಡುವ ಸೇವೆಗಳು, ರೋಗಿಯ ಹಕ್ಕು, ಕಟ್ಟಡ ಸಿಬ್ಬಂದಿ ಔಷಧಿಗಳಂತಹ ಅನುಕೂಲಗಳು, ಪೂರಕ ಸೇವೆಗಳು, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ ಮತ್ತು ಫಲಿತಾಂಶ. ಪ್ರತಿಯೊಂದು ಅಂಶಕ್ಕೂ ಪೂರ್ತಿ ಇದ್ದರೆ ಎರಡು, ಅರ್ಧ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಅಂಕ. ಪರೀಕ್ಷಕರು ಕಡತ ನೋಡಿ ಸುಮ್ಮನಾಗುವುದಿಲ್ಲ. ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ತೆಗೆಸುತ್ತಾರೆ, ಮಲಗಿರುವ ರೋಗಿಯನ್ನೂ ಮಾತಾಡಿಸುತ್ತಾರೆ. ರಾಷ್ಟ್ರಮಟ್ಟದ ಪ್ರಮಾಣಪತ್ರಕ್ಕೆ ಒಟ್ಟು ಅಂಕ ಶೇಕಡ 70ಕ್ಕೆ ಕಡಿಮೆ ಇರಬಾರದು. ಪತ್ರದ ಅವಧಿ ಮೂರು ವರ್ಷ. ನಡುವೆ ರಾಜ್ಯದವರು ಬಂದು ಮರುಪರಿಶೀಲನೆ ಮಾಡುತ್ತಾರೆ. ಉಪಕೇಂದ್ರಗಳನ್ನು ದೂರದಿಂದಲೇ ವಿಡಿಯೋ ಮೂಲಕ ಪರಿಶೀಲಿಸುವ ಕ್ರಮ 2024ರಲ್ಲಿ ಶುರುವಾಯಿತು.

ಇದಕ್ಕೆ ಬೇಕಾದ ತರಬೇತಿಗೂ ಮೆಟ್ಟಿಲುಗಳಿವೆ. ದೆಹಲಿಯ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರ ಇವನ್ನು ರೂಪಿಸಿದೆ. ಒಂದು ದಿನದ ಅರಿವಿನ ತರಬೇತಿ ಮೊದಲನೆಯದು. ತಮ್ಮದೇ ಆಸ್ಪತ್ರೆಯನ್ನು ತಾವೇ ಪರೀಕ್ಷಿಸಿಕೊಳ್ಳುವ ಆಂತರಿಕ ಪರೀಕ್ಷಕರಿಗೆ ಎರಡು ದಿನ. ಸೇವೆ ಕೊಡುವವರಿಗೆ ಮೂರು ದಿನ. ಬೇರೆ ಆಸ್ಪತ್ರೆಗೆ ಹೋಗಿ ಅಂಕ ಕೊಡುವ ಬಾಹ್ಯ ಪರೀಕ್ಷಕರಿಗೆ ಐದು ದಿನ, ಕೊನೆಯಲ್ಲಿ ಪರೀಕ್ಷೆ. ವೈದ್ಯರಿಗಷ್ಟೇ ಅಲ್ಲದೆ ಶುಶ್ರೂಷಕಿಯರಿಗೂ ಇತರ ಸಿಬ್ಬಂದಿಗೂ ಇಂಥ ತರಬೇತಿ ಸಿಗುತ್ತದೆ.

ಇದರ ಪಕ್ಕದಲ್ಲೇ ಇನ್ನೆರಡು ಹೆಸರು ಕೇಳುತ್ತೀರಿ. 2015ರಲ್ಲಿ ಶುರುವಾದ ಕಾಯಕಲ್ಪ, ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣಗಳನ್ನು ನೋಡಿ ಕೊಡುವ ಪ್ರಶಸ್ತಿ. ಮೊದಲು ತಾವೇ, ಆಮೇಲೆ ಪಕ್ಕದ ಆಸ್ಪತ್ರೆಯವರು, ಕೊನೆಗೆ ಹೊರಗಿನವರು ಎಂದು ಮೂರು ಸಲ ಅಂಕ ಹಾಕುತ್ತಾರೆ. 2017ರಲ್ಲಿ ಬಂದ ಲಕ್ಷ್ಯ, ಹೆರಿಗೆ ಕೊಠಡಿ ಮತ್ತು ಹೆರಿಗೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಸಂಬಂಧಿಸಿದ್ದು. ಇದರಲ್ಲಿ ಶೇಕಡ 70 ದಾಟಿದರೆ ಬೆಳ್ಳಿ, 80 ದಾಟಿದರೆ ಚಿನ್ನ, 90 ದಾಟಿದರೆ ಪ್ಲಾಟಿನಂ ಎಂದು ಗುರುತಿಸುತ್ತಾರೆ. ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಸೇರಿಸುವ ಮನೆಯವರು ಕೇಳಿ ತಿಳಿಯಬೇಕಾದ ವಿಷಯವಿದು.

ಖಾಸಗಿ ಆಸ್ಪತ್ರೆ ಮತ್ತು ಪ್ರಯೋಗಾಲಯ

ಎನ್.ಎ.ಬಿ.ಎಚ್. ಎಂಬುದು ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾಗಿ ಹುಟ್ಟಿದ ಆಸ್ಪತ್ರೆಗಳ ಮಾನ್ಯತಾ ಮಂಡಳಿ. ಇಲ್ಲಿಯೂ ಎಲ್ಲ ಪತ್ರಗಳು ಒಂದೇ ಅಲ್ಲ. ಸಣ್ಣ ಆಸ್ಪತ್ರೆಗಳೂ ಮುಟ್ಟಬಹುದಾದ ಪ್ರವೇಶ ಹಂತದ ಪ್ರಮಾಣೀಕರಣ ಒಂದು. ಅದಕ್ಕಿಂತ ಬಹಳ ಕಠಿಣವಾದ ಪೂರ್ಣ ಮಾನ್ಯತೆ ಇನ್ನೊಂದು. ಎರಡರ ಮೇಲೂ ಎನ್.ಎ.ಬಿ.ಎಚ್. ಎಂದೇ ಇರುತ್ತದೆ. ಆದ್ದರಿಂದ ಹೆಸರು ಮಾತ್ರವಲ್ಲ, ಯಾವ ಹಂತ ಎಂಬುದನ್ನೂ ಓದಿ. ಪ್ರವೇಶ ಹಂತವೆಂದರೆ ಹೀಗಳೆಯಬೇಕಿಲ್ಲ. ಇಪ್ಪತ್ತು ಹಾಸಿಗೆಯ ಊರ ಆಸ್ಪತ್ರೆಯೊಂದು ಹೊರಗಿನವರನ್ನು ಕರೆದು "ನಮ್ಮನ್ನು ಪರೀಕ್ಷಿಸಿ" ಎಂದಿದೆ ಎಂಬುದೇ ಮೆಚ್ಚಬೇಕಾದ ಮಾತು.

ಪ್ರಯೋಗಾಲಯಗಳಿಗೆ ಎನ್.ಎ.ಬಿ.ಎಲ್. ಮಾನ್ಯತೆ ಇದೆ. ಇದು ಐ.ಎಸ್.ಒ. 15189 ಎಂಬ ಅಂತಾರಾಷ್ಟ್ರೀಯ ಮಾನದಂಡವನ್ನು ಆಧರಿಸಿದ್ದು. ಇಲ್ಲಿ ತಿಳಿಯಬೇಕಾದ ಗುಟ್ಟೆಂದರೆ, ಮಾನ್ಯತೆ ಇಡೀ ಪ್ರಯೋಗಾಲಯಕ್ಕೆ ಸಗಟಾಗಿ ಸಿಗುವುದಿಲ್ಲ. ಯಾವ ಯಾವ ಪರೀಕ್ಷೆಗೆ ಎಂದು ಪಟ್ಟಿ ಇರುತ್ತದೆ. ಸಕ್ಕರೆ, ಕ್ರಿಯಾಟಿನಿನ್ ಪಟ್ಟಿಯಲ್ಲಿದ್ದು, ಥೈರಾಯ್ಡ್ ಇಲ್ಲದಿರಬಹುದು. ಊರಿನ ಸಂಗ್ರಹಣಾ ಕೇಂದ್ರದ ಫಲಕದ ಮೇಲಿನ ಮುದ್ರೆ ನೂರಾರು ಕಿಲೋಮೀಟರ್ ದೂರದ ಮುಖ್ಯ ಪ್ರಯೋಗಾಲಯದ್ದೂ ಆಗಿರಬಹುದು.

ಮುದ್ರೆ ಇರಲಿ ಬಿಡಲಿ, ಒಳ್ಳೆಯ ಪ್ರಯೋಗಾಲಯ ಎರಡು ಕೆಲಸ ಮಾಡುತ್ತದೆ. ಬೆಳಿಗ್ಗೆ ರೋಗಿಗಳ ರಕ್ತಕ್ಕೂ ಮುಂಚೆ, ಉತ್ತರ ಮೊದಲೇ ತಿಳಿದಿರುವ ಮಾದರಿಯೊಂದನ್ನು ಯಂತ್ರಕ್ಕೆ ಕೊಟ್ಟು, ಉತ್ತರ ಸರಿ ಬಂತೇ ಎಂದು ನೋಡುತ್ತದೆ. ಹೊರಗಿನ ಸಂಸ್ಥೆಯೊಂದು ಕಳಿಸುವ ಗುಟ್ಟಿನ ಮಾದರಿಯನ್ನು ಪರೀಕ್ಷಿಸಿ ಉತ್ತರ ಕಳಿಸಿ, ಬೇರೆ ಪ್ರಯೋಗಾಲಯಗಳ ಉತ್ತರದೊಂದಿಗೆ ಹೋಲಿಸಿಕೊಳ್ಳುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇಂಥ ಹೋಲಿಕೆ ವ್ಯವಸ್ಥೆಯನ್ನು ನಡೆಸುತ್ತದೆ.

ಇನ್ನು "ಐ.ಎಸ್.ಒ. ಪ್ರಮಾಣಿತ ಆಸ್ಪತ್ರೆ" ಎಂಬ ಫಲಕ. ಐ.ಎಸ್.ಒ. ಸಂಸ್ಥೆ ಮಾನದಂಡ ಬರೆಯುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಅದನ್ನು ಕೊಡುವವು ಬೇರೆ ಬೇರೆ ಸಂಸ್ಥೆಗಳು. ಐ.ಎಸ್.ಒ. 9001 ಪತ್ರ ಯಾವುದೇ ಉದ್ಯಮಕ್ಕೆ ಸಿಗಬಹುದು. ಅದು ಆಡಳಿತದ ಕ್ರಮ ಸರಿಯಿದೆ ಎನ್ನುತ್ತದೆ, ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಾಯಿಪುಡಿ ಕಾರ್ಖಾನೆಯಲ್ಲೂ ಇದೇ ಮಾತು

ನಮ್ಮ ಸೀಮೆಯ ಕಾಯಿಪುಡಿ ಕಾರ್ಖಾನೆಗಳಲ್ಲಿ ಎಷ್ಟೋ ಮಹಿಳೆಯರು ದುಡಿಯುತ್ತಾರೆ. ಹಸಿ ತಿರುಳು ಕೈಯಿಂದ ಕೈಗೆ ಹೋಗುವಾಗ ಸಾಲ್ಮೊನೆಲ್ಲಾದಂತಹ ರೋಗಾಣು ಸೇರಿದರೆ, ತಿಂದವರಿಗೆ ಜ್ವರ, ಭೇದಿ ತಪ್ಪಿದ್ದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2017ರಿಂದ ಫಾಸ್ಟ್ಯಾಕ್ ಎಂಬ ತರಬೇತಿ ನಡೆಸುತ್ತಿದೆ. ಅದರಲ್ಲಿ ಮೂಲ, ಮುಂದುವರಿದ, ವಿಶೇಷ ಎಂದು ಹಂತಗಳಿವೆ. ಆಹಾರ ಮುಟ್ಟುವ ಪ್ರತಿ 25 ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕರಿರಬೇಕು ಎಂಬುದು ಅದರ ಲೆಕ್ಕ. ಭೇದಿಯಾದವಳು ಅಂದು ಕೆಲಸಕ್ಕೆ ಬಾರದಂತೆ, ಬಾರದಿದ್ದರೂ ಕೂಲಿ ಹೋಗುವ ಭಯವಿಲ್ಲದಂತೆ ನೋಡಿಕೊಂಡರೆ ಆ ಪತ್ರಕ್ಕೆ ಬೆಲೆ.

ಪತ್ರ ಹೇಳದ ಮಾತು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪಟ್ಟಿ ಹೊರತಂದಿತು. ರೋಗಿ ಯಾರು, ಯಾವ ಭಾಗಕ್ಕೆ ಶಸ್ತ್ರಕ್ರಿಯೆ, ಔಷಧಿ ಅಲರ್ಜಿ ಇದೆಯೇ, ಕೊನೆಯಲ್ಲಿ ಹತ್ತಿ ಉಪಕರಣಗಳ ಎಣಿಕೆ ಸರಿಯೇ ಎಂದು ಗಟ್ಟಿಯಾಗಿ ಕೇಳಿ ಖಚಿತಪಡಿಸಿಕೊಳ್ಳುವ ಪಟ್ಟಿ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡ 11ರಿಂದ 7ಕ್ಕೆ ಇಳಿದವೆಂದು 2009ರಲ್ಲಿ ಪ್ರಕಟವಾಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ.

ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಪಟ್ಟಿಗಳನ್ನು ನೂರೊಂದು ಆಸ್ಪತ್ರೆಗಳು ಬಳಸಿದಾಗ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಕಾರಣದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ನನಗೆ ತೋರುವುದು ಇಷ್ಟು: ಮನಸ್ಸಿಟ್ಟು ಕೇಳುವುದು ಬೇರೆ, ಚೌಕದಲ್ಲಿ ಟಿಕ್ ಹಾಕುವುದು ಬೇರೆ. ಪರೀಕ್ಷಕರು ಬರುವ ಹಿಂದಿನ ವಾರ ಸುಣ್ಣ ಬಳಿದು, ರಾತ್ರೋರಾತ್ರಿ ದಾಖಲೆ ಬರೆದು ಪಡೆದ ಪತ್ರ ಗೋಡೆಗೆ ಅಲಂಕಾರವಷ್ಟೇ. ಪತ್ರವಿಲ್ಲದೆಯೂ ಅಚ್ಚುಕಟ್ಟಾಗಿ ನಡೆಯುವ ಚಿಕಿತ್ಸಾಲಯಗಳಿವೆ. ಪತ್ರ ಒಂದು ಸಾಕ್ಷಿ; ತೀರ್ಪಲ್ಲ.

ನೀವು ಮಾಡಬೇಕಾದದ್ದು

ಯಾವ ಪ್ರಮಾಣಪತ್ರ ಕಂಡರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ವ್ಯಕ್ತಿಗೋ ಸಂಸ್ಥೆಗೋ? ಕೊಟ್ಟವರು ಯಾರು? ಯಾವ ಹಂತ, ಯಾವ ವಿಭಾಗಕ್ಕೆ? ಅವಧಿ ಎಂದಿಗೆ ಮುಗಿಯುತ್ತದೆ? ಅವಧಿ ಮುಗಿದ ಪತ್ರ, ಅವಧಿ ಮುಗಿದ ಔಷಧಿ ಎರಡೂ ಒಂದೇ.

ಆಮೇಲೆ ಗೋಡೆ ಬಿಟ್ಟು ಕೈಗಳನ್ನು ನೋಡಿ. ನಿಮ್ಮನ್ನು ಮುಟ್ಟುವ ಮೊದಲು ಕೈ ತೊಳೆದರೇ? ಸೂಜಿಯ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆದರೇ? ಹೆಸರನ್ನು ನಿಮ್ಮ ಬಾಯಿಂದ ಹೇಳಿಸಿದರೇ? ಕೊಳವೆಗೆ ಚೀಟಿಯನ್ನು ನೀವಿರುವಾಗಲೇ ಅಂಟಿಸಿದರೇ? ಇಲ್ಲದಿದ್ದರೆ ಸಂಕೋಚಪಡದೆ, "ಸಿಸ್ಟರ್, ಹೆಸರು ಒಮ್ಮೆ ನೋಡಿಕೊಳ್ಳಿ" ಎನ್ನಿ. ವರದಿ ಬಂದಾಗ ನಿಮ್ಮ ಹೆಸರು, ವಯಸ್ಸು, ದಿನಾಂಕ ಓದಿ. ಎಂದಿನ ಸಂಖ್ಯೆಗೂ ಇಂದಿನದಕ್ಕೂ ಅಜಗಜಾಂತರವಿದ್ದರೆ, ಮಾತ್ರೆ ಬದಲಿಸುವ ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಅಂದು ಆ ಅಜ್ಜಿಯ ಮೊಮ್ಮಗ ಹಾಗೆ ಕೇಳಿದ್ದರೆ ನಾನು ಖಂಡಿತ ನಿಂತು ಯೋಚಿಸುತ್ತಿದ್ದೆ.

ಹುಡುಗನಿಗೆ ಹೇಳಿದ ಮಾತು

"ನೋಡಪ್ಪಾ, ಕೋರ್ಸು ಕೆಟ್ಟದ್ದಲ್ಲ. ಆದರೆ ಮೆಟ್ಟಿಲು ಕೆಳಗಿನಿಂದ ಹತ್ತು" ಎಂದೆ. "ನೀನು ಕೆಲಸ ಮಾಡುವ ಪ್ರಯೋಗಾಲಯದಲ್ಲೇ ಒಂದು ತೊಂದರೆ ಹಿಡಿ. ತಿಂಗಳಿಗೆ ಎಷ್ಟು ಮಾದರಿ ಹೆಪ್ಪುಗಟ್ಟಿ ಮತ್ತೆ ರಕ್ತ ತೆಗೆಯಬೇಕಾಗುತ್ತದೆ ಎಂದು ಬರೆದಿಡು. ಕಾರಣ ಹುಡುಕು, ತಿದ್ದು, ಮೂರು ತಿಂಗಳು ಬಿಟ್ಟು ಮತ್ತೆ ಎಣಿಸು. ಆ ಕಾಗದ ಕೈಯಲ್ಲಿ ಹಿಡಿದು ಕೆಲಸ ಕೇಳು. ಆಮೇಲೆ ಬೆಲ್ಟು ತೆಗೆದುಕೊಳ್ಳುವುದಾದರೆ, ಹಣ ಕಟ್ಟುವ ಮೊದಲು ಮೂರು ಮಾತು ಕೇಳು. ಪರೀಕ್ಷೆ ಯಾರು ನಡೆಸುತ್ತಾರೆ? ನಿಜವಾದ ಕೆಲಸವೊಂದನ್ನು ಮಾಡಿಸುತ್ತಾರೆಯೇ? ನೀನು ಸೇರಬೇಕೆಂದಿರುವ ಆಸ್ಪತ್ರೆ ಆ ಪತ್ರವನ್ನು ಒಪ್ಪುತ್ತದೆಯೇ?"

ಹುಡುಗ ಆ ಮೂರನ್ನೂ ಫೋನಿನಲ್ಲಿ ಬರೆದುಕೊಂಡ. ಯಜಮಾನರು, "ಹಾಗಾದರೆ ಕಾಯಿ?" ಎಂದರು.

"ಅಟ್ಟದಲ್ಲೇ ಇರಲಿ ಯಜಮಾನರೇ. ಕಾಯಿಯೂ ಒಣಗಲಿ, ಹುಡುಗನೂ ಬಲಿಯಲಿ" ಎಂದೆ. ಹೋಗುವ ಮುಂಚೆ ಮತ್ತೊಮ್ಮೆ ನೋಡಿದಾಗ ಒತ್ತಡ ಸ್ವಲ್ಪ ಇಳಿದಿತ್ತು. ಮಾತ್ರೆ ಬದಲಿಸಲಿಲ್ಲ, ಹದಿನೈದು ದಿನ ಬಿಟ್ಟು ಬರಲು ಹೇಳಿದ್ದೇನೆ.